ಪೌಲ ಜೀನ್ಸ್ ಬಗ್ಗೆ ಏನೂ ಬರೆದಿಲ್ಲ

ಎರಡು ಭಾನುವಾರದ ಹಿಂದೆ ನಮ್ಮ ಚರ್ಚಿನಲ್ಲಿ ಒಬ್ಬ ಹುಡುಗಿಯನ್ನು ಕ್ವಾಯರ್ ಸಾಲಿನಿಂದ ಇಳಿಸಿದರು. ಜೀನ್ಸ್ ಹಾಕಿಕೊಂಡು ಬಂದಿದ್ದಳು. ಮೇಲೆ ಮೊಣಕಾಲಿನವರೆಗೆ ಕುರ್ತಾನೂ ಇತ್ತು. "ಈ ವಾರ ಹಿಂದೆ ಕೂತ್ಕೊಳಮ್ಮ. ಮುಂದಿನ ವಾರ ಚೂಡಿದಾರ್ ಹಾಕ್ಕೊಂಡು ಬಾ, ಹಾಡುವಂತಿ" ಅಂದರು ಸಭೆಯ ಹಿರಿಯರೊಬ್ಬರು. ಮೆತ್ತಗೇ ಅಂದರು, ಸುಳ್ಳು ಹೇಳಲ್ಲ. ಹುಡುಗಿ ಕೀರ್ತನೆ ಪುಸ್ತಕ ಮಡಚಿಕೊಂಡು ಕೊನೆಯ ಬೆಂಚಿಗೆ ಹೋದಳು. ಆ ಹಿರಿಯರು ಹಾಕಿದ್ದೂ ಜೀನ್ಸೇ.

ನಮ್ಮದು ಬಳ್ಳಾರಿ. ಎಲ್ಲೆಲ್ಲಿಗೋ ಜೀನ್ಸ್ ಹೊಲಿದು ಕಳಿಸೋ ಊರು. ಆ ಹುಡುಗಿಯ ತಾಯಿ ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂತು ಬೆಲ್ಟ್ ಲೂಪ್ ಹೊಲಿಯುತ್ತಾಳೆ, ನಾನು ಜೇಬು ಹಾಕುತ್ತೇನೆ. ರಾತ್ರಿ ಅವಳು ಮನೆಗೆ ಮೂಟೆ ತಂದು ದಾರ ಕತ್ತರಿಸುವಾಗ ಮಗಳೂ ಜೊತೆಗೆ ಕೂರುತ್ತಾಳೆ. ಹೊಸ ಡೆನಿಮ್ ಕೈಗೆ ಬಣ್ಣ ಬಿಡುತ್ತದೆ. ಭಾನುವಾರ ಬಿಳಿ ಸೀರೆ ಉಟ್ಟು, ಸೆರಗು ತಲೆ ಮೇಲೆ ಹೊದ್ದು ಕೂತರೂ ಉಗುರಿನ ಸಂದಿಯಲ್ಲಿ ನೀಲಿ ಹಾಗೇ ಇರುತ್ತದೆ. ಜೀನ್ಸ್ ಹೊಲಿದ ಕೂಲಿಯಿಂದ ಕಾಣಿಕೆ ಹಾಕಬಹುದು, ಅದನ್ನೇ ಹಾಕಿಕೊಂಡು ಹಾಡಬಾರದು. ಇದು ನನ್ನ ತಲೆಗೆ ಹೋಗಲಿಲ್ಲ.

ಮನೆಗೆ ಬಂದು ಬೈಬಲ್ ತೆಗೆದೆ. ಕನ್ನಡ ಬೈಬಲ್ಲಿನ ಕೆಲಸ ನಡೆದದ್ದೇ ನಮ್ಮ ಊರಲ್ಲಿ, ಗೊತ್ತಲ್ವಾ? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಕೂತು ಅನುವಾದ ಮಾಡಿದರು. ಅಷ್ಟು ಕಷ್ಟಪಟ್ಟು ಕೊಟ್ಟ ಪುಸ್ತಕದಲ್ಲಿ ಹೆಣ್ಣುಮಕ್ಕಳಿಗೆ ಓದಿ ಹೇಳೋದು ಮಾತ್ರ ಎರಡೇ ಜಾಗ. ಮೊದಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬರೆದಿರುವ ಮೊದಲ ಪತ್ರ, 2ನೇ ಅಧ್ಯಾಯ 9ನೇ ವಚನ. ಮತ್ತೆ ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರ, 3ನೇ ಅಧ್ಯಾಯ.

ಅಲ್ಲಿ ಏನಿದೆ? ಮರ್ಯಾದೆಯಾಗಿ ಉಡಿ ಅಂತಿದೆ, ಒಪ್ಪಿದೆ. ಬೇಡ ಅಂದಿರೋದು ಯಾವುದು ಅಂತ ಬೆರಳಿಟ್ಟು ಎಣಿಸಿದೆ. ಕೂದಲು ಹೆಣೆದು ಮಾಡುವ ಅಲಂಕಾರ, ಚಿನ್ನ, ಮುತ್ತು, ದುಬಾರಿ ಬಟ್ಟೆ. ಅದರ ಬದಲು ಒಳ್ಳೆ ಕೆಲಸಗಳೇ ಒಡವೆಯಾಗಲಿ ಅಂತ. ಪೇತ್ರ ಹೇಳೋದೂ ಅದನ್ನೇ: ಹೊರಗಿನ ಸಿಂಗಾರ ಬಿಟ್ಟು ಒಳಗಿನ ಮನಸ್ಸನ್ನು ಸಿಂಗರಿಸಿಕೊಳ್ಳಿ, ಶಾಂತ ಸ್ವಭಾವ ದೇವರ ಕಣ್ಣಿಗೆ ಬೆಲೆಬಾಳುವಂಥದ್ದು.

ಜಡೆಯ ವಿಷಯ ಓದಿ ನಗು ಬಂತು. ನಮ್ಮ ಕಡೆ ಕೂದಲು ಬಿಚ್ಚಿಬಿಟ್ಟರೆ ಅಜ್ಜಿ ಬೈಯುತ್ತಿದ್ದಳು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದರೇ ಲಕ್ಷಣ. ಅಕ್ಷರಕ್ಕೆ ಅಕ್ಷರ ಹಿಡಿದರೆ ನಮ್ಮ ಸಂಡೇ ಸ್ಕೂಲಿನ ಅರ್ಧ ಮಕ್ಕಳನ್ನು ಹೊರಗೆ ನಿಲ್ಲಿಸಬೇಕಾಗುತ್ತದೆ. ಆ ಕಾಲದ ರೋಮಿನ ಶ್ರೀಮಂತ ಹೆಂಗಸರ ಜಡೆ ಬೇರೆ ಥರದ್ದು. ದಾಸಿಯರು ಸುತ್ತ ನಿಂತು ತಲೆ ಮೇಲೆ ಗೋಪುರ ಕಟ್ಟಿದ ಹಾಗೆ ಕಟ್ಟುತ್ತಿದ್ದರು. ಕಲಿಗುಲ ಚಕ್ರವರ್ತಿಯ ಹೆಂಡತಿಯಾಗಿದ್ದ ಲೊಲ್ಲಿಯಾ ಪೌಲಿನಾ ಎಂಬಾಕೆಯ ಬಗ್ಗೆ ಆ ಕಾಲದ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಒಂದು ಸಾಧಾರಣ ನಿಶ್ಚಿತಾರ್ಥದ ಊಟಕ್ಕೆ ತಲೆ, ಕಿವಿ, ಕತ್ತು, ಬೆರಳು ತುಂಬ ಪಚ್ಚೆ ಮುತ್ತು ಹೇರಿಕೊಂಡು ಬಂದಿದ್ದಳಂತೆ. ಬೆಲೆ 4 ಕೋಟಿ ಸೆಸ್ಟರ್ಸ್, ಅಂದರೆ ರೋಮಿನ ನಾಣ್ಯ. ನಂಬದಿದ್ದರೆ ಲೆಕ್ಕದ ಪತ್ರ ತೋರಿಸೋಕೂ ರೆಡಿ ಇದ್ದಳಂತೆ! ಪೌಲ, ಪೇತ್ರ ಓಡಾಡಿದ್ದೂ ಅದೇ ಕಾಲದಲ್ಲಿ.

ಓದಿದಾಗ ನನಗೆ ಬೆಂಗಳೂರು ರೋಡಿನ ಒಡವೆ ಅಂಗಡಿಗಳೇ ಕಣ್ಣ ಮುಂದೆ ಬಂದವು. ನಮ್ಮ ಮದುವೆಗಳಲ್ಲಿ ಹುಡುಗಿಗೆ ಎಷ್ಟು ತೊಲ ಹಾಕಿದರು ಅನ್ನೋದು ಪ್ರಾರ್ಥನೆ ಮುಗಿಯೋದರೊಳಗೆ ಕೊನೆಯ ಸಾಲಿಗೂ ಗೊತ್ತಾಗಿರುತ್ತದೆ. ಸಾಲ ಮಾಡಿ ಹಾಕಿದ್ದು ಅಂತಲೂ ಗೊತ್ತಿರುತ್ತದೆ. ಅಲ್ಲಿ ಯಾವ ಹಿರಿಯರೂ ಎದ್ದು "ತಾಯಿ, ಪೌಲ ಬೇಡ ಅಂದಿದ್ದಾನೆ" ಅನ್ನಲ್ಲ. ಬಂದು ಆಶೀರ್ವಾದ ಮಾಡಿ ಬಿರಿಯಾನಿ ಊಟ ಮಾಡಿ ಹೋಗುತ್ತಾರೆ. ಒಡವೆ ಪೂರ್ತಿ ಬಿಟ್ಟಿರೋ ಸಭೆಗಳೂ ಇವೆ, ಕಿವಿಯಲ್ಲಿ ಒಂದು ಓಲೆ ಇರಲ್ಲ. ಅವರನ್ನು ನಾನು ಆಡಿಕೊಳ್ಳಲ್ಲ. ಕನಿಷ್ಠ ಬರೆದದ್ದನ್ನೇ ಪಾಲಿಸುತ್ತಿದ್ದಾರೆ.

ನಾನೇನು ಸಾಚಾ ಅಲ್ಲ. ಹೋದ ವರ್ಷ ತಮ್ಮನ ಮಗಳ ಮದುವೆಗೆ ಒನ್ ಗ್ರಾಂ ಗೋಲ್ಡಿನ ಹಾರ ಹಾಕಿಕೊಂಡು ಹೋಗಿದ್ದೆ. ಯಾರಾದರೂ ಮುಟ್ಟಿ ನೋಡಿದರೆ ಅಂತ ಸೆರಗು ಎಳೆದುಕೊಂಡೇ ಕೂತಿದ್ದೆ. ಪಾದ್ರಿಗಳು ಪ್ರಸಂಗದಲ್ಲಿ ಏನು ಹೇಳಿದರೋ ಒಂದು ಮಾತೂ ನೆನಪಿಲ್ಲ.

ಇನ್ನೊಂದು ತಮಾಷೆ ನೋಡಿ. 9ನೇ ವಚನದ ಮೇಲೆಯೇ 8ನೇ ವಚನ ಇದೆ. ಅದು ಗಂಡಸರಿಗೆ. ಕೋಪ ಜಗಳ ಬಿಟ್ಟು, ಶುದ್ಧವಾದ ಕೈಗಳನ್ನೆತ್ತಿ ಪ್ರಾರ್ಥನೆ ಮಾಡಿ ಅಂತ. ಪೇತ್ರನ ಪತ್ರದಲ್ಲೂ ಅಷ್ಟೇ. ಅದೇ ಅಧ್ಯಾಯದ 7ನೇ ವಚನದಲ್ಲಿ, ಹೆಂಡತಿಯನ್ನು ಗೌರವದಿಂದ ನೋಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿ ಅಂತ ಗಂಡಂದಿರಿಗೆ ಹೇಳಿದೆ. ಕಮಿಟಿ ಮೀಟಿಂಗಿನಲ್ಲಿ ಕುರ್ಚಿ ಎತ್ತಿದವರನ್ನು ನಾನು ನೋಡಿದ್ದೇನೆ. ಅವರನ್ನು ಯಾರೂ ಹಿಂದಿನ ಬೆಂಚಿಗೆ ಕಳಿಸಲಿಲ್ಲ.

"ಹೆಂಗಸು ಗಂಡಸಿನ ಬಟ್ಟೆ ಹಾಕಬಾರದು ಅಂತ ಧರ್ಮೋಪದೇಶಕಾಂಡದಲ್ಲಿದೆ ಅಕ್ಕ" ಅಂತ ಒಬ್ಬ ತಮ್ಮ ಹೇಳಿದ. ಇದೆಯಪ್ಪಾ, ಹಳೆ ಒಡಂಬಡಿಕೆಯ ಆ ಪುಸ್ತಕದ 22ನೇ ಅಧ್ಯಾಯದಲ್ಲಿ. ಅದೇ ಅಧ್ಯಾಯದಲ್ಲಿ ಉಣ್ಣೆ ಮತ್ತು ನಾರು ಕೂಡಿಸಿ ನೇಯ್ದ ಬಟ್ಟೆ ಹಾಕಬೇಡ ಅಂತಲೂ ಇದೆ, ಮನೆಯ ಮಾಳಿಗೆಗೆ ಗೋಡೆ ಕಟ್ಟಿಸು ಅಂತಲೂ ಇದೆ. ಅವೆರಡನ್ನೂ ಕೇಳುವವರಿಲ್ಲ. ಆ ಹುಡುಗಿ ಹಾಕಿದ್ದು ಹೆಣ್ಣುಮಕ್ಕಳ ಅಳತೆಗೇ ಕತ್ತರಿಸಿದ ಲೇಡೀಸ್ ಜೀನ್ಸ್. ಕಟಿಂಗ್ ಬೇರೆ, ಜೇಬೂ ಸಣ್ಣದು. ಜೇಬು ಹಾಕೋಳು ನಾನೇ, ನನಗೆ ಗೊತ್ತಿಲ್ವಾ?

ಬಟ್ಟೆ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಹಿಂದೆ ಕೇರಳದ ಕಡೆಯ ತಿರುವಾಂಕೂರು ಸಂಸ್ಥಾನದಲ್ಲಿ, ಮೇಲ್ಜಾತಿಯವರ ಹಾಗೆ ಎದೆ ಮುಚ್ಚಿಕೊಂಡಿದ್ದಕ್ಕೇ ಕೆಳಜಾತಿ ಅಂತ ಎಣಿಸಿದ್ದ ನಾಡಾರ್ ಹೆಂಗಸರ ಬಟ್ಟೆ ಹರಿದು ಹೊಡೆದರು. ಅವರಲ್ಲಿ ಕ್ರೈಸ್ತರಾದವರು ತುಂಬಾ ಜನ. ವರ್ಷಗಟ್ಟಲೆ ಹೋರಾಡಿದ ಮೇಲೆ 1859ರಲ್ಲಿ ಮಹಾರಾಜರ ಆಜ್ಞೆಯಿಂದ ಅವರಿಗೆ ಮೈ ಮುಚ್ಚಿಕೊಳ್ಳುವ ಹಕ್ಕು ಸಿಕ್ಕಿತು. ಮರ್ಯಾದೆಯ ಬಟ್ಟೆ ಅಂದರೆ ಏನು ಅನ್ನೋದು ಅವರಿಗೆ ಗೊತ್ತಿತ್ತು. ನನ್ನ ಮಗಳಿಗೂ ನಾನು ಕೆಲವು ಬಟ್ಟೆ ಬೇಡ ಅಂತೀನಿ. ಆದರೆ ಅದನ್ನು ಮನೆಯಲ್ಲಿ ಹೇಳುತ್ತೇನೆ, ಮೈಕಿನ ಮುಂದೆ ಹೇಳಲ್ಲ.

ಚರ್ಚಿಗೆ ಹಾಕಿಕೊಂಡು ಬರೋ ಬಟ್ಟೆ ಬಗ್ಗೆ ಬೈಬಲ್ಲಿನಲ್ಲಿ ನೇರವಾಗಿ ಒಂದು ಕಡೆ ಇದೆ. ಯಾಕೋಬನ ಪತ್ರ, 2ನೇ ಅಧ್ಯಾಯ. ಚಿನ್ನದ ಉಂಗುರ, ಹೊಳೆಯೋ ಬಟ್ಟೆಯವನಿಗೆ ಒಳ್ಳೆ ಜಾಗ ಕೊಟ್ಟು, ಕೊಳೆ ಬಟ್ಟೆಯ ಬಡವನಿಗೆ ಅಲ್ಲೇ ನಿಂತ್ಕೋ ಅಂದರೆ ನೀವು ಭೇದ ಮಾಡಿದ ಹಾಗೆ ಅಲ್ವಾ ಅಂತ ಕೇಳುತ್ತಾನೆ. ಇದನ್ನು ಓದಿದಾಗ ನನಗೆ ಹುಡುಗಿಗಿಂತ ಜಾಸ್ತಿ ಇನ್ನೊಬ್ಬಳು ನೆನಪಾದಳು.

ನಮ್ಮ ಸಭೆಯಲ್ಲೊಬ್ಬ ವಿಧವೆ ಅಕ್ಕ ಇದ್ದಾಳೆ. ಒಂದು ಭಾನುವಾರ ತಪ್ಪಿಸಲ್ಲ. ಹೋದ ಕ್ರಿಸ್‌ಮಸ್‌ಗೆ ಮಾತ್ರ ಬರಲಿಲ್ಲ. ಕೇಳಿದರೆ ಮೊಣಕಾಲು ನೋವು ಅಂದಳು. ಆಮೇಲೆ ಅವಳ ಸೊಸೆ ಹೇಳಿದಳು, "ಹೊಸ ಸೀರೆ ಇರಲಿಲ್ರೀ, ಎಲ್ಲರೂ ಹೊಸದು ಉಟ್ಟಿರ್ತಾರ, ನಾ ಹೆಂಗ ಹೋಗ್ಲಿ ಅಂತ ಮನ್ಯಾಗ ಕುಂತ್ರು." ಅವಳ ಹಿಂದಿನ ಸಾಲಿನಲ್ಲಿ ಕೂರೋಳು ನಾನು. ಆ ದಿನ ನಾನು ಉಟ್ಟಿದ್ದ ಹೊಸ ಸೀರೆಯ ಬಾರ್ಡರ್ ಚೆನ್ನಾಗಿದೆ ಅಂತ ನಾಲ್ಕು ಜನ ಹೇಳಿದ್ದರು. ಖುಷಿಪಟ್ಟಿದ್ದೆ.

ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪ ಊರಿನ ತಬಿಥಾ ಬರುತ್ತಾಳಲ್ಲ, ದೊರ್ಕ ಅಂತಲೂ ಕರೀತಾರೆ. ನಮ್ಮ ಹಾಗೆ ಹೊಲಿಯೋಳು. ಅವಳು ಸತ್ತಾಗ ವಿಧವೆಯರೆಲ್ಲ ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು. ಅವಳು ಏನು ಉಡುತ್ತಿದ್ದಳು ಅಂತ ಒಂದಕ್ಷರ ಬರೆದಿಲ್ಲ.

ಮೊನ್ನೆ ಸ್ತ್ರೀಯರ ಕೂಟದಲ್ಲಿ ಎದ್ದು ನಿಂತು ಹೇಳಿದೆ. ಈ ಕ್ರಿಸ್‌ಮಸ್‌ಗೆ ಎಲ್ಲರೂ ಹಳೇ ಸೀರೆನೇ ಒಗೆದು ಇಸ್ತ್ರಿ ಮಾಡಿ ಉಡೋಣ, ಹೊಸದು ತಗೊಳ್ಳಲೇಬೇಕು ಅನ್ನೋರು ಇಲ್ಲದವರಿಗೆ ತಗೊಂಡು ಕೊಡಲಿ ಅಂತ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಕೈ ಎತ್ತಿದವರು ನನ್ನನ್ನೂ ಸೇರಿಸಿ ಐದು ಜನ. ಒಬ್ಬರ ಉಗುರೂ ನೀಲಿ ಇತ್ತು, ಹುಡುಗಿಯ ತಾಯಿ. ಡಿಸೆಂಬರ್‌ಗೆ ಇನ್ನೂ ಟೈಮಿದೆ. ಮುಂದಿನ ಕೂಟದಲ್ಲಿ ಮತ್ತೆ ಕೇಳುತ್ತೇನೆ.