ಎರಡಕ್ಕೂ ಒಂದೇ ‘ಬೇಕು’

ಇಂಗ್ಲಿಷಿನಲ್ಲಿ ನೀಡ್ ಬೇರೆ, ವಾಂಟ್ ಬೇರೆ. ನಮಗೆ ಎರಡಕ್ಕೂ ‘ಬೇಕು’ ಒಂದೇ. ಉಸಿರಾಡಲು ಗಾಳಿ ಬೇಕು, ಮಗಳಿಗೆ ಹೊಸ ಫೋನು ಬೇಕು. ಕರ್ನಾಟಕ ಬಿಟ್ಟು ಬಂದ ಹೊಸತರಲ್ಲಿ ಇದು ನಮ್ಮ ಭಾಷೆಯ ಬಡತನ ಎಂದೇ ಅಂದುಕೊಂಡಿದ್ದೆ. ಇಲ್ಲಿನವರು ಮಾತಿನಲ್ಲೇ ಗೆರೆ ಎಳೆದುಕೊಂಡಿದ್ದಾರೆ, ಇವರ ಮನೆಯ ಲೆಕ್ಕ ತಪ್ಪುವುದು ಹೇಗೆ? ಅವಶ್ಯಕತೆ, ಬಯಕೆ ಎಂಬ ಪದಗಳು ನಮ್ಮಲ್ಲೂ ಇವೆಯಲ್ಲ ಅನ್ನಬಹುದು. ಇವೆ. ಆದರೆ ಹೆಂಡತಿ ಬಂದು ‘ನನಗೆ ಬಯಕೆಯಾಗಿದೆ’ ಅಂದರೆ ಅಂಗಡಿಗೆ ಓಡುವ ಮೊದಲು ಅತ್ತೆ ಮನೆಗೆ ಫೋನು ಮಾಡಬೇಕಾಗುತ್ತದೆ.

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು 50-30-20 ಸೂತ್ರ ಹೇಳಿಕೊಟ್ಟರು. ಕೈಗೆ ಬರುವ ಸಂಬಳದಲ್ಲಿ ಅರ್ಧ ಅವಶ್ಯಕತೆಗೆ, ಶೇ. 30 ಆಸೆಗಳಿಗೆ, ಶೇ. 20 ಉಳಿತಾಯಕ್ಕೆ ಮತ್ತು ಸಾಲ ತೀರಿಸಲು. ಅಮೆರಿಕದಲ್ಲಿ ಆಗ ಕಾನೂನು ಪ್ರಾಧ್ಯಾಪಕಿಯಾಗಿದ್ದ ಎಲಿಜಬೆತ್ ವಾರನ್ ಮತ್ತು ಅವರ ಮಗಳು 2005ರಲ್ಲಿ ಜನಪ್ರಿಯಗೊಳಿಸಿದ ಲೆಕ್ಕ ಇದು. ಒಂದು ಭಾನುವಾರ ನಾನು, ಹೆಂಡತಿ ಇಬ್ಬರೂ ಕಾರ್ಡಿನ ಸ್ಟೇಟ್‌ಮೆಂಟ್ ಹರಡಿಕೊಂಡು ಕೂತೆವು. ಅವಶ್ಯಕತೆಗೆ ಕೆಂಪು ಪೆನ್ನು, ಆಸೆಗೆ ನೀಲಿ. ಬಾಡಿಗೆ ಕೆಂಪು, ಕರೆಂಟು ಕೆಂಪು. ಫೋನಿಗೆ ಬಂದಾಗ ಅವಳು ಕೆಂಪು ಎತ್ತಿಕೊಂಡಳು: ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಜಿಮ್ಮಿನ ಫೀಸಿಗೆ ನಾನು ಕೆಂಪು ಎತ್ತಿಕೊಂಡೆ: ಆರೋಗ್ಯ. ಅವಳು ಕನ್ನಡಕದ ಮೇಲಿಂದ ನೋಡಿ, “ಜಿಮ್ಮಿಗೆ ಹೋಗಿ ಎಷ್ಟು ದಿನ ಆಯ್ತುರೀ?” ಅಂದಳು. ಕೂಡಿ ನೋಡಿದರೆ ಕೆಂಪು ಶೇ. 70 ದಾಟಿತ್ತು. ನೀಲಿ ಪೆನ್ನಿನ ಶಾಯಿ ಖರ್ಚೇ ಆಗಿರಲಿಲ್ಲ. ನನ್ನ ಖರ್ಚು ನನಗೆ ಅವಶ್ಯಕತೆ, ಎದುರಿಗೆ ಕೂತವರದ್ದು ಶೋಕಿ. ಎರಡು ಪದ ಇದ್ದುಬಿಟ್ಟರೆ ಸುಳ್ಳು ಹೇಳಿಕೊಳ್ಳುವುದು ತಪ್ಪುವುದಿಲ್ಲ, ಅದಕ್ಕೊಂದು ಬಣ್ಣ ಸಿಗುತ್ತದೆ ಅಷ್ಟೇ.

ಗೆರೆ ಒಂದೇ ಕಡೆ ನಿಲ್ಲುವುದೂ ಇಲ್ಲ. 1776ರಲ್ಲೇ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಇದನ್ನು ಚರ್ಮದ ಬೂಟಿನ ಮೂಲಕ ತೋರಿಸಿದ್ದರು. ಆಗಿನ ಇಂಗ್ಲೆಂಡಿನಲ್ಲಿ ಗಂಡಸಿರಲಿ ಹೆಂಗಸಿರಲಿ, ಎಷ್ಟೇ ಬಡವರಾದರೂ ಬೂಟಿಲ್ಲದೆ ಹೊರಗೆ ಬರಲು ನಾಚುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಬಡ ಗಂಡಸರಿಗೆ ಅದು ಬೇಕಿತ್ತು, ಹೆಂಗಸರು ಬರಿಗಾಲಲ್ಲಿ ನಡೆದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಫ್ರಾನ್ಸಿನ ಬಡವರಲ್ಲಿ ಇಬ್ಬರಿಗೂ ಬೇಕಿರಲಿಲ್ಲ. ಗಡಿ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದ ವರ್ಷ ನಮಗೆ ಕಾರು ಅನ್ನುವುದು ಶೋಕಿ. ಮೂರನೇ ವರ್ಷಕ್ಕೆ ಅದಿಲ್ಲದೆ ಬದುಕುವುದು ಹೇಗೆ ಎಂದು ಕೇಳುತ್ತಿದ್ದೆವು.

ಹಾಗಾಗಿ ಈಗ ನಮ್ಮ ‘ಬೇಕು’ವನ್ನೇ ಮತ್ತೆ ಕಿವಿಗೊಟ್ಟು ಕೇಳುತ್ತಿದ್ದೇನೆ. ಅದು ಬಡ ಪದವಲ್ಲ. ಬೇಕು, ಬೇಕೇ ಬೇಕು, ಬೇಕಾಗುತ್ತೆ, ಇದ್ರೆ ಚೆನ್ನಾಗಿತ್ತು, ಇರಲಿ ಬಿಡು, ಬೇಡ: ಎರಡು ಡಬ್ಬಿಯಲ್ಲ, ಒಂದು ಏಣಿಯೇ ಇದೆ. ಅಮ್ಮ ಯಾವತ್ತೂ ‘ಇದು ಅವಶ್ಯಕವೇ’ ಎಂದು ಕೇಳಿದವಳಲ್ಲ. “ಈಗಲೇ ಬೇಕಾ? ಇಲ್ದಿದ್ರೆ ಏನಾಗುತ್ತೆ?” ಎರಡೇ ಪ್ರಶ್ನೆ. ವಸ್ತುವಿಗೆ ಹೆಸರಿಡುವ ಗೋಜೇ ಇಲ್ಲ. ತಿಂಗಳು ತಡೆದರೆ ಯಾವುದು ತಾನಾಗಿ ಮರೆತುಹೋಗುತ್ತದೋ ಅದಕ್ಕೆ ಬೇರೆ ಪರೀಕ್ಷೆ ಯಾಕೆ?

ಏಣಿಯ ಪಕ್ಕದಲ್ಲೇ ‘ಸಾಕು’ ಇದೆ. ಎರಡು ಬಣ್ಣದ ಲೆಕ್ಕಕ್ಕೆ ಇದರ ಜಾಗ ಗೊತ್ತಿಲ್ಲ. ತಲೆಯ ಮೇಲೆ ಸೂರು ಬೇಕೇ ಬೇಕು, ಆದರೆ ಎಷ್ಟು ಕೋಣೆ? ಫೋನು ಬೇಕು, ಆದರೆ ಯಾವುದು? ನಮ್ಮ ದುಡ್ಡು ಸೋರಿದ್ದು ನೀಲಿ ಸಾಲುಗಳಿಂದಲ್ಲ. ಕೆಂಪು ಸಾಲುಗಳ ಒಳಗೆ ‘ಸಾಕು’ ದಾಟಿದ ಮೇಲೂ ನಡೆದಿದ್ದರಿಂದ.

ಹಾಗಂತ ನಮ್ಮ ರೀತಿಯೇ ಮೇಲು ಎಂದು ಎದೆ ತಟ್ಟಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ಅಮ್ಮನ ಕನ್ನಡಕದ ಒಂದು ಕಡ್ಡಿ ಮುರಿದು, ಅದರ ಜಾಗದಲ್ಲಿ ಕಪ್ಪು ದಾರ ಕಿವಿಗೆ ಸುತ್ತಿಕೊಂಡಿತ್ತು. ವರ್ಷಗಟ್ಟಲೆ. ಕೇಳಿದರೆ, “ಇದ್ರಲ್ಲೇ ನಡೆಯುತ್ತೆ ಬಿಡು.” ಆ ಎರಡು ಪ್ರಶ್ನೆಗಳನ್ನು ಅವಳು ನಮಗಿಂತ ಹೆಚ್ಚು ತನಗೇ ಕೇಳಿಕೊಂಡಳು, ಉತ್ತರ ಪ್ರತಿ ಸಲವೂ ಬೇಡ ಎಂದೇ ಬಂತು. ಆಸೆಗೆಂದೇ ಶೇ. 30 ಎತ್ತಿಡು ಎನ್ನುವ ಇವರ ಸೂತ್ರದ ಒಂದು ದೊಡ್ಡತನ ನನಗೆ ಕಾಣುವುದು ಇಲ್ಲೇ. ಅಂಥದ್ದೊಂದು ಸಾಲು ಅಮ್ಮನ ಲೆಕ್ಕದ ಪುಸ್ತಕದಲ್ಲಿ ಇರಲೇ ಇಲ್ಲ.

ಈಗ ನಮ್ಮ ಹಾಳೆಯಲ್ಲಿ ಬಣ್ಣಗಳಿಲ್ಲ. ಪ್ರತಿ ಖರ್ಚಿನ ಮುಂದೆ ಒಂದು ಖಾಲಿ ಜಾಗ, ಮೇಲೆ ‘ಎಷ್ಟಾದರೆ ಸಾಕು?’ ಎಂಬ ತಲೆಬರಹ. ಬಾಡಿಗೆಯ ಮುಂದೆ ಬರೆದಾಯಿತು. ಫೋನಿನ ಮುಂದೆ ಮಗಳು ಏನೋ ಬರೆದು ಎರಡು ಸಲ ಹೊಡೆದುಹಾಕಿದ್ದಾಳೆ. ಜಿಮ್ಮಿನದ್ದನ್ನು ಹೆಂಡತಿ ನನಗೇ ಬಿಟ್ಟಿದ್ದಾಳೆ. ಎರಡು ತಿಂಗಳಿಂದ ಖಾಲಿ ಇದೆ.