ಎಲ್ಲ ಹೆಸರೂ ಆಯಸ್ಕಾಂತಕ್ಕೇ ಯಾಕೆ?

ಮತ್ತೆ ಅದೇ ವಿಡಿಯೋ ಬಂದಿದೆ. ಭೂಮಿಯ ಕಾಂತಕ್ಷೇತ್ರ ಉಲ್ಟಾ ಆಗುತ್ತಂತೆ (ಅಂದರೆ ಅದರ ಉತ್ತರ, ದಕ್ಷಿಣ ಧ್ರುವ ಅದಲುಬದಲಾಗುತ್ತಂತೆ), ಬಾಹ್ಯಾಕಾಶದ ವಿಕಿರಣ ನುಗ್ಗಿ ನಾವೆಲ್ಲ ಸುಟ್ಟುಹೋಗ್ತೀವಂತೆ. ಹಿನ್ನೆಲೆಯಲ್ಲಿ ಢಂ ಢಂ ಸಂಗೀತ ಬೇರೆ. ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ.

ಕಾಂತಕ್ಷೇತ್ರದ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಸುಮಾರು 2,900 ಕಿ.ಮೀ. ಆಳದಿಂದ ಕೆಳಗೆ ಕರಗಿದ ಕಬ್ಬಿಣ ಸದಾ ಹೊರಳಾಡುತ್ತಿದೆ. ಅದರಿಂದ ಹುಟ್ಟುವ ಕ್ಷೇತ್ರ ಸೂರ್ಯನ ಕಡೆಗೆ 60 ಸಾವಿರ ಕಿ.ಮೀ.ಗೂ ಆಚೆ ಚಾಚಿಕೊಂಡಿದೆ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ಸೌರಮಾರುತದ, ಅಂದರೆ ಸೂರ್ಯನಿಂದ ಹೊಮ್ಮುವ ವಿದ್ಯುದಾವೇಶದ ಕಣಗಳ ಹರಿವಿನ, ಬಹುಪಾಲು ಅಲ್ಲೇ ಪಕ್ಕಕ್ಕೆ ಸರಿದುಹೋಗುತ್ತದೆ. ತಮಾಷೆ ಅಂದರೆ, ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಇದಕ್ಕಿಂತ ನೂರು ಪಟ್ಟು ಜೋರು! ಭೂಮಿಯದ್ದು ಗೆಲ್ಲುವುದು ಶಕ್ತಿಯಿಂದಲ್ಲ, ಹರವಿನಿಂದ.

ಆದರೆ ಆಯಸ್ಕಾಂತ ತಿರುಗಿಸುವುದು ವಿದ್ಯುದಾವೇಶ ಇರುವ ಕಣಗಳನ್ನು ಮಾತ್ರ. ಎಕ್ಸ್‌ರೇ, ಗಾಮಾ ಕಿರಣ, ನೇರಳಾತೀತ ಕಿರಣ ಇವಕ್ಕೆಲ್ಲ ಅದು ಲೆಕ್ಕಕ್ಕೇ ಇಲ್ಲ. ಇವನ್ನು ತಡೆಯುವುದು ಗಾಳಿ, ಬರೀ ಗಾಳಿ. ಒಂದೊಂದು ಚದರ ಮೀಟರ್ ನೆಲದ ಮೇಲೂ ಹತ್ತು ಟನ್ ಗಾಳಿ ಕೂತಿದೆ. ಹತ್ತು ಮೀಟರ್ ನೀರಿನಡಿ ಬದುಕಿದಷ್ಟೇ ರಕ್ಷಣೆ.

1912ರಲ್ಲಿ ಭೌತವಿಜ್ಞಾನಿ ವಿಕ್ಟರ್ ಹೆಸ್ ವಿಕಿರಣ ಅಳೆಯುವ ಉಪಕರಣ ಇಟ್ಟುಕೊಂಡು ಬಲೂನ್ ಏರಿದರು. ಆಗ ಎಲ್ಲರೂ ನಂಬಿದ್ದು, ವಿಕಿರಣ ಬರುವುದು ನೆಲದಿಂದ, ಮೇಲೆ ಹೋದಂತೆ ಕಡಿಮೆಯಾಗಬೇಕು ಅಂತ. ಮೊದಲು ಸ್ವಲ್ಪ ಕಡಿಮೆಯೂ ಆಯಿತು. ಆಮೇಲೆ ಏರತೊಡಗಿತು. 5 ಕಿ.ಮೀ. ಎತ್ತರದಲ್ಲಿ ನೆಲದಲ್ಲಿದ್ದುದಕ್ಕಿಂತ ಎಷ್ಟೋ ಜಾಸ್ತಿ. ವಿಶ್ವಕಿರಣ, ಅಂದರೆ ಬಾಹ್ಯಾಕಾಶದಿಂದ ನುಗ್ಗಿ ಬರುವ ವೇಗದ ಕಣಗಳು, ಪತ್ತೆಯಾದದ್ದು ಹೀಗೆ. ನನಗಂತೂ ಇದು ಹೊದಿಕೆ ಸರಿಸಿ ಚಳಿ ನೋಡಿದ ಹಾಗೆ ಕಾಣುತ್ತದೆ.

ಪೂರ್ತಿ ತಡೆ ಅಂತೂ ಇಲ್ಲ. ಅಂಗೈ ಚಾಚಿ ಹಿಡಿಯಿರಿ. ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ಮ್ಯೂಆನ್ ಎಂಬ ಸೂಕ್ಷ್ಮ ಕಣ ಅದರೊಳಗಿಂದ ತೂರಿ ಹೋಗುತ್ತಿರುತ್ತದೆ. ಮೇಲೆ ಗಾಳಿಗೆ ಬಡಿದು ಒಡೆದ ವಿಶ್ವಕಿರಣದ ಚೂರು ಅದು. ಚಂದ್ರನತ್ತ ಹೋದ ಅಪೊಲೊ ಯಾತ್ರಿಗಳಿಗೆ ಈ ಹೊದಿಕೆಯೇ ಇರಲಿಲ್ಲ. ಕತ್ತಲಲ್ಲಿ ಕಣ್ಣು ಮುಚ್ಚಿ ಮಲಗಿದರೂ ಅವರಿಗೆ ಫಳ್ ಅಂತ ಬೆಳಕು ಕಾಣುತ್ತಿತ್ತು. ಕಣ ಕಣ್ಣೊಳಗೇ ಹಾದುಹೋಗುತ್ತಿತ್ತು!

ಇನ್ನು ಕಾಂತಕ್ಷೇತ್ರ ಉಲ್ಟಾ ಆಗುವ ವಿಷಯ. ಹಿಂದೆ ಎಷ್ಟೋ ಸಲ ಆಗಿದೆ. ಕೊನೆಯದು ಸುಮಾರು 7.8 ಲಕ್ಷ ವರ್ಷದ ಹಿಂದೆ. ನಮ್ಮ ಪೂರ್ವಜರು ಆಗಲೂ ಇದ್ದರು, ಉಳಿದರು ಕೂಡ. ಇವತ್ತು ಹಾಗಾದರೆ ಉಪಗ್ರಹಗಳಿಗೆ, ಕರೆಂಟ್ ಲೈನುಗಳಿಗೆ ತೊಂದರೆ ಖಂಡಿತ. ಆದರೆ ವಿಡಿಯೋ ಮಾಡುವವರಿಗೆ ಅಷ್ಟು ಸಾಲದು ಅಲ್ವಾ?

ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಈಗಲೂ ಕಾಂತಕ್ಷೇತ್ರ ತೀರಾ ದುರ್ಬಲ. ಆ ಜಾಗ ದಾಟುವಾಗ ಬಾಹ್ಯಾಕಾಶದಲ್ಲಿ ಭೂಮಿಯನ್ನು ಸುತ್ತುವ ಹಬಲ್ ದೂರದರ್ಶಕ ಚಿತ್ರ ತೆಗೆಯುವುದನ್ನೇ ನಿಲ್ಲಿಸುತ್ತದೆ, ಅಲ್ಲಿ ಕಣಗಳ ಹೊಡೆತ ಅಷ್ಟಿದೆ. ಅದರ ಕೆಳಗೆ, ಅದೇ ಸಮುದ್ರದಲ್ಲಿ ಹಡಗುಗಳು ಓಡಾಡುತ್ತಲೇ ಇವೆ. ಅದರಲ್ಲಿದ್ದವರಿಗೆ ಇದು ಗೊತ್ತೂ ಆಗುವುದಿಲ್ಲ.