ಬಾಳೆ ಮೀನನ್ನು ದಯವಿಟ್ಟು ನಿಷೇಧಿಸಿ

ಹೋದ ಭಾನುವಾರ ಬಾಗಲಕೋಟೆಯ ಮೀನು ಮಾರುಕಟ್ಟೆಗೆ ಹೋಗಿದ್ದೆ. ಬಾಳೆ ಮೀನು ತಿನ್ನಬೇಕು ಅಂತ ಎಷ್ಟೋ ದಿನದ ಆಸೆ. ಗೊತ್ತಲ್ವಾ, ಹುರುಪೆ ಇಲ್ಲದ ನುಣುಪು ಮೈ, ಕಣ್ಣಿನ ಆಚೆಗೂ ಸೀಳಿಕೊಂಡ ಬಾಯಿ, ಉದ್ದ ಮೀಸೆ. ನೋಡೋಕೆ ಯಜಮಾನನ ಹಾಗಿರುತ್ತದೆ.

“ಬಾಳಿ ಐತ್ರಿ ಸರ, ತಗೋರಿ” ಅಂದಳು ಅಕ್ಕ. ನೋಡಿದರೆ ಟಬ್ಬಿನಲ್ಲಿ ನೀರೇ ಇಲ್ಲ, ಆದರೂ ಕಪ್ಪು ಮೀನುಗಳು ಮಿಸುಕಾಡುತ್ತಿವೆ. ಗಾಳಿ ಕುಡಿದೇ ಬದುಕುವ ಗಟ್ಟಿ ಪಿಂಡಗಳು. ಆಫ್ರಿಕನ್ ಕ್ಯಾಟ್‌ಫಿಶ್!

“ಅಕ್ಕಾರ, ಇದನ್ನ ಬ್ಯಾನ್ ಮಾಡ್ಯಾರಲ್ರಿ?”

“ಹೌದ್ರಿ, ಬ್ಯಾನ್ ಐತಿ. ದಿನಾ ಬರ್ತೈತಿ.”

“ಮತ್ತ ನಮ್ಮ ಹೊಳಿ ಬಾಳಿ?”

“ಅದಕ್ಕೇನೂ ಬ್ಯಾನ್ ಇಲ್ರಿ. ಅದ ಬರೂದಿಲ್ಲ.”

ಮೀನುಗಾರಿಕೆಯ ಬಗ್ಗೆ ಇದಕ್ಕಿಂತ ಚೊಕ್ಕ ಮಾತನ್ನು ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಯೋಚಿಸಿ ನೋಡಿ. ಈ ಆಫ್ರಿಕಾದ ಅತಿಥಿಯ ಸಾಕಣೆ ನಮ್ಮಲ್ಲಿ ನಿಷಿದ್ಧ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ಬೆನ್ನು ಹತ್ತಿತು. ಅಷ್ಟಾದರೂ ಕೋಳಿ ಅಂಗಡಿಯ ಕಸ ತಿಂದುಕೊಂಡು ಗುಟ್ಟಾದ ಹೊಂಡಗಳಲ್ಲಿ ಹಾಯಾಗಿದೆ. ಇನ್ನು ಸಿಡಿಮದ್ದು. ಮದ್ದು ಹಾಕಿ ಮೀನು ಹಿಡಿಯಬಾರದು, ನೀರಿಗೆ ವಿಷ ಬೆರೆಸಬಾರದು ಅಂತ ಬ್ರಿಟಿಷರು 1897ರಲ್ಲೇ ಕಾನೂನು ಮಾಡಿದರು. ಬ್ರಿಟಿಷರು ಹೋದರು, ಢಂ ಅನ್ನೋ ಸದ್ದು ಹೋಗಲಿಲ್ಲ. ಕದ್ದು ಮರಳು ತೆಗೆಯುವುದಕ್ಕೂ ನಿಷೇಧ ಇದೆ, ಆ ಧಂದೆಯ ಆರೋಗ್ಯದ ಬಗ್ಗೆ ನಾನು ಹೇಳಬೇಕಾಗಿಲ್ಲ. ನಮ್ಮ ಕಡೆ ನಿಷೇಧ ಅಂದರೆ ಹಟ್ಟಿಗೊಬ್ಬರ ಇದ್ದ ಹಾಗೆ. ಯಾವುದಕ್ಕೆ ಹಾಕಿದರೂ ಸೊಂಪಾಗಿ ಬೆಳೆಯುತ್ತದೆ.

ಪಾಪ, ಬಾಳೆ ಮೀನಿಗೆ ಮಾತ್ರ ಆ ಭಾಗ್ಯ ಇಲ್ಲ. ಮಿರಗದ ಮಳೆ ಬಿದ್ದು ಕೃಷ್ಣೆಗೆ ಕೆಂಪು ನೀರು ಬಂತು ಅಂದರೆ ಇದು ಮೊಟ್ಟೆ ಹೊತ್ತುಕೊಂಡು ದಂಡೆಯ ಮೇಲು ನೀರಿಗೆ ಏರುತ್ತದೆ. ನಾವೂ ಬಲೆ ಹೊತ್ತುಕೊಂಡು ಅಲ್ಲೇ ಕಾಯುತ್ತೇವೆ. ಒಂದು ಬಸುರಿ ಮೀನು ಹಿಡಿದರೆ ಸಾವಿರಾರು ಮರಿ ಉಚಿತ! ತೂಕಕ್ಕೆ ತೂಕ, ಸಾರಿಗೆ ಮೊಟ್ಟೆ. ಇದರದ್ದೇ ಬಳಗದ ಇನ್ನೊಂದು ಮೀಸೆ ಮೀನು ಹೊಳೆಯ ತಳದಲ್ಲಿ ಗುಂಡಿ ತೋಡಿ ಮರಿ ಕಾಯುತ್ತದೆ. ಆ ಗುಂಡಿಯನ್ನು ರಾತ್ರಿ ಮರಳಿನ ಟ್ರ್ಯಾಕ್ಟರ್ ಬಂದು ಹೊತ್ತುಕೊಂಡು ಹೋಗುತ್ತದೆ. ಬಾಳೆ ಮೀನು ಈಗ ಅಳಿವಿನ ಭಯ ಇರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. ನಮ್ಮ ಜಿಲ್ಲೆಯಿಂದ ಯಾರೋ ಒಬ್ಬರು ಅಂತರರಾಷ್ಟ್ರೀಯ ಮಟ್ಟಕ್ಕೆ ಹೋದರು ಅಂತ ಫ್ಲೆಕ್ಸ್ ಕೂಡ ಹಾಕಲಿಲ್ಲ ನೋಡಿ.

ತೆಪ್ಪದ ಅಂಬಿಗರನ್ನು ಬೈದು ಉಪಯೋಗ ಇಲ್ಲ. ಹಿನ್ನೀರಿನ ದಂಡೆಯಲ್ಲಿ ಒಬ್ಬ ಅಜ್ಜ ಹೇಳಿದ: “ಮೊದಲ ಬಲಿ ಕಣ್ಣೂ ದೊಡ್ಡು ಇದ್ವು, ಮೀನೂ ದೊಡ್ಡು ಇದ್ವು. ಈಗ ಎರಡೂ ಸಣ್ಣ ಆಗ್ಯಾವ.” ಸೊಳ್ಳೆ ಪರದೆಯಂಥ ಬಲೆ ಕೊಡುವವನೇ ಬೇರೆ, ಮುಂಗಡ ಕೊಟ್ಟು ಐಸ್ ಪೆಟ್ಟಿಗೆ ಇಟ್ಟುಕೊಂಡು ಕೂರುವವನೇ ಬೇರೆ. ಮೀನು ಹಿಡಿಯುವ ಗುತ್ತಿಗೆ ಮುಗಿಯುವುದರೊಳಗೆ ಹಾಕಿದ ದುಡ್ಡು ಎತ್ತಬೇಕಾದವನಿಗೆ ಮುಂದಿನ ವರ್ಷದ ಮೀನಿನ ಚಿಂತೆ ಇರಲಿ ಅನ್ನುವುದು, ಬಾಡಿಗೆದಾರನಿಗೆ ಮನೆ ಬಿಡೋ ತಿಂಗಳು ಸುಣ್ಣ ಬಣ್ಣ ಮಾಡಿಸು ಅಂದ ಹಾಗೆ.

ಸರ್ಕಾರ ಮರಿ ಬಿಡುತ್ತದಲ್ಲ ಅಂತೀರಾ? ಬಿಡುತ್ತದೆ. ಆಲಮಟ್ಟಿ ತುಂಬಿದಾಗ ಬಾಗಿನ, ಶಾಲು, ಫೋಟೊ. ಮೀನುಮರಿ ಬಿಡುವ ದಿನ ಮತ್ತೊಮ್ಮೆ ಶಾಲು, ಫೋಟೊ. ಮರಿ ಯಾವುದು? ಕಾಟ್ಲಾ, ರೋಹು, ಮೃಗಾಲ್. ಇವೆಲ್ಲ ಗಂಗೆಯ ಕಡೆಯಿಂದ ಬಂದ ನೆಂಟರು. ಈ ನೆಂಟರ ಮಕ್ಕಳನ್ನು ಬಾಳೆ ಮೀನು ತಿನ್ನುತ್ತದೆ. ಅದಕ್ಕೇ ಅದು ಸಾಕಣೆಯವರ ಕಣ್ಣಿಗೆ ಬೇಡದ ಮೀನು. ಸಣ್ಣವರನ್ನು ನುಂಗಿದ ಆರೋಪಕ್ಕೆ ನಮ್ಮ ಜಿಲ್ಲೆಯಲ್ಲಿ ಶಿಕ್ಷೆ ಆಗಿದ್ದು ಇದೊಂದಕ್ಕೇ ಇರಬೇಕು.

ಆಲಮಟ್ಟಿಯನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸುವ ಬಗ್ಗೆ ರಾಜ್ಯ ರಾಜ್ಯಗಳೇ ಜಗಳ ಆಡುತ್ತಿವೆ. ಎಷ್ಟು ಟಿಎಂಸಿ ಯಾರಿಗೆ ಅಂತ ದಶಕಗಟ್ಟಲೆ ವಾದ ನಡೆದಿದೆ. ಹುಟ್ಟಿದಾಗಿನಿಂದ ನೀರಲ್ಲೇ ಇರುವ ಪಾರ್ಟಿಗೆ ಮಾತ್ರ ವಕೀಲರೇ ಇಲ್ಲ.

ಒಂದು ಮೀನುಗಾರರ ಸಂಘದ ರಿಜಿಸ್ಟರ್ ನೋಡಿದೆ. ಕಾಟ್ಲಾಗೆ ಒಂದು ಕಾಲಂ, ರೋಹುಗೆ ಒಂದು, ಜಿಲೇಬಿಗೂ ಒಂದು. (ಜಿಲೇಬಿ ಅಂದರೆ ಸಿಹಿ ಅಲ್ಲ, ತಿಲಾಪಿಯಾ. ಅದೂ ಆಫ್ರಿಕಾದ್ದೇ.) ಬಾಳೆ ಎಲ್ಲಿ ಅಂತ ಕೇಳಿದೆ. ಬೆರಳು ಕೊನೆಯ ಕಾಲಂಗೆ ಹೋಯಿತು: ‘ಇತರೆ’. ಸಾವಿರಾರು ವರ್ಷದಿಂದ ಈ ಹೊಳೆಯಲ್ಲಿ ಇದ್ದದ್ದು ಇತರೆ! ಕಾಲಂ ಇಲ್ಲದ ಮೀನು ಕಡಿಮೆ ಆಗುವುದಾದರೂ ಹೇಗೆ? ಒಟ್ಟು ಮೊತ್ತ ಜಾಸ್ತಿಯಾಗಿತ್ತು. ಎಲ್ಲರೂ ಖುಷಿಯಾಗಿದ್ದರು.

ಅದಕ್ಕೇ ಕೂತು ಒಂದು ಅರ್ಜಿ ಬರೆದೆ. ಬಾಳೆ ಮೀನನ್ನು ಈ ಕೂಡಲೇ ನಿಷೇಧಿಸಬೇಕು. ಹಿಡಿಯುವುದಲ್ಲ, ಆ ಮೀನನ್ನೇ. ಹೊಳೆಯಲ್ಲಿ ಅದು ಕಂಡರೆ ನಾಶ ಮಾಡಲು ತಂಡ ರಚಿಸಬೇಕು. ಚೆಕ್‌ಪೋಸ್ಟ್ ಹಾಕಬೇಕು. ಆಗ ನೋಡಿ, ಆರು ತಿಂಗಳಲ್ಲಿ ಹೊಂಡ ಹೊಂಡದಲ್ಲೂ ಬಾಳೆ. ರಾತ್ರಿ ಟೆಂಪೊದಲ್ಲಿ ತಾಡಪತ್ರಿ ಮುಚ್ಚಿಕೊಂಡು ಬಾಳೆ. ಭಾನುವಾರ ಟಬ್ಬಿನ ತುಂಬ ಬಾಳೆ.

ಅರ್ಜಿ ತೆಗೆದುಕೊಂಡು ಒಂದು ಕಚೇರಿಗೆ ಹೋದೆ. ಗುಮಾಸ್ತರು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ಇದು ಯಾವ ವಿಷಯಕ್ಕ ಬರ್ತೈತ್ರಿ?” ಅಂದರು. ಮೀನು ಅಂದೆ. “ಮೀನಂದ್ರ ಸಬ್ಸಿಡಿ ಐತಿ, ಬಲಿ ಐತಿ, ತೆಪ್ಪ ಐತಿ. ಇದು ಯಾವುದ್ರಾಗ?” ನಾನು ಸುಮ್ನೆ ನಿಂತೆ. ಅವರೇ ಪೆನ್ನು ಎತ್ತಿದರು, ಆವಕ ವಹಿಯಲ್ಲಿ ನಂಬರ್ ಹಾಕಿದರು, ವಿಷಯದ ಮುಂದೆ ದುಂಡಗೆ ಬರೆದರು: ಇತರೆ.